ಪರದೆಯಿಲ್ಲದ ಸೀಟು

ಟಿಣ್ ಅಂತ ಒಂದು ಸಣ್ಣ ಸದ್ದು. ಲೋಟದ ಅಂಚಿಗೆ ಉಗುರು ತಗಲಿದಷ್ಟೇ. ನಿದ್ದೆಯಲ್ಲಿದ್ದ ನನಗೆ ಎಚ್ಚರವಾಯಿತು. ಅತ್ತೆಯ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ನಮ್ಮ ಬಡಾವಣೆ ದಟ್ಟಗಳ್ಳಿಯ ನಾಯಿಗಳು ಬೊಗಳಿ ಸುಸ್ತಾಗಿ ಸುಮ್ಮನಾಗಿದ್ದವು. ಗಂಡ ನಂಜನಗೂಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದರು. ಮತ್ತೆ ಟಿಣ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ಬೇರೆ ಸದ್ದಾಗಿದ್ದರೆ ಇಲಿ, ಪಕ್ಕದ ಮನೆಯ ಮೊಬೈಲು, ಏನೋ ಒಂದು ಅಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ಆದರೆ ಆ ಸದ್ದನ್ನು ಕಂಪ್ಯೂಟರಿನೊಳಗೆ ಇಟ್ಟವಳು ನಾನೇ. ಯಾರಾದರೂ ಕೀ ಒತ್ತಿದಾಗ, ಅದು ಹೋಗಿ ಸೇರಲು ಪರದೆಯ ಮೇಲೆ ಯಾವ ಕಿಟಕಿಯೂ ಸಿಗದಿದ್ದರೆ ಮಾತ್ರ ಆ ಗಂಟೆ ಬಾರಿಸಬೇಕು. ಪರೀಕ್ಷೆಗೆ ಅನುಕೂಲವಾಗಲಿ ಅಂತ ಅದೇ ಮಧ್ಯಾಹ್ನ ಸೇರಿಸಿದ್ದೆ.

ಎದ್ದು ನಡುಮನೆಗೆ ಬಂದೆ. ಪರದೆ ಕಪ್ಪಗಿತ್ತು. ಧೂಳು ಕೂರಬಾರದೆಂದು ಅತ್ತೆ ಕೀಬೋರ್ಡಿನ ಮೇಲೆ ಹೊದಿಸುವ ಹಳೇ ಟವೆಲ್ಲು ಮಡಿಕೆ ಕೆಡದೆ ಹಾಗೇ ಇತ್ತು. ಕೀಬೋರ್ಡಿನ ತಂತಿ ಕಿತ್ತೆ, ಮೌಸಿನದೂ ಕಿತ್ತೆ, ಇಂಟರ್ನೆಟ್ ಕೇಬಲ್ಲನ್ನೂ ಕಿತ್ತೆ. ಕೇಬಲ್ ಇನ್ನೂ ಕೈಯಲ್ಲೇ ಇತ್ತು. ಟಿಣ್.

ಕಂಪ್ಯೂಟರನ್ನೇ ಆರಿಸಿ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ.

ನನ್ನ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಹಲವು ಕಿಟಕಿಗಳು ತೆರೆದಿರುತ್ತವಲ್ಲ, ಅವುಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ, ಒತ್ತಿದ ಕೀ ಯಾವುದಕ್ಕೆ ಸೇರಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಂ ಒಂದಿರುತ್ತದೆ. ಅದಕ್ಕೆ ಕಾಂಪೋಸಿಟರ್ ಅನ್ನುತ್ತಾರೆ. ಇದನ್ನು ನಮ್ಮತ್ತೆ ಪ್ರೇಮಲೀಲಾ ಅವರಿಗೆ ವಿವರಿಸಿದಾಗ, "ಮದ್ವೆ ಮನೇಲಿ ಪಂಕ್ತಿಗೆ ಜನ ಕೂರ್ಸೋರಿರ್ತಾರಲ್ಲ, ಅಂಗೆ ಅನ್ನು" ಅಂದಿದ್ದರು. ಹಾಗೇ.

ನಮ್ಮ ಆಫೀಸು ಗೋಕುಲಂನಲ್ಲಿ, ಯೋಗ ಶಾಲೆಯೊಂದರ ಮೇಲಿನ ಮಹಡಿಯಲ್ಲಿದೆ; ನಾನು ಹೆಚ್ಚಾಗಿ ಮನೆಯಿಂದಲೇ ಕೆಲಸ ಮಾಡುವುದು. ಆಸ್ಪತ್ರೆ, ಗ್ರಂಥಾಲಯಗಳ ಕೌಂಟರುಗಳಲ್ಲಿ ಕೂರುವ ಕಂಪ್ಯೂಟರುಗಳಿಗೆ ನಾವು ಕಾಂಪೋಸಿಟರ್ ಮಾಡಿಕೊಡುತ್ತೇವೆ. ಹಳೆಯ ಕೋಡಿನಲ್ಲಿ ಪರದೆಗೆ ಚಿತ್ರ ಕಳಿಸುವ ಭಾಗವೂ, ಕೀಬೋರ್ಡು ಮೌಸುಗಳ ಮಾತು ಕೇಳುವ ಭಾಗವೂ ಸಿಕ್ಕುಬಿದ್ದ ನೂಲಿನ ಹಾಗೆ ಒಂದರೊಳಗೊಂದು ಸೇರಿಹೋಗಿದ್ದವು. ಎರಡನ್ನೂ ಬಿಡಿಸಿ ಬೇರೆ ಮಾಡುವ ಕೆಲಸ ನನಗೆ ಬಂದಿತ್ತು. ಬಳಸುವವರಿಗೆ ಏನೂ ಬದಲಾದಂತೆ ಕಾಣಬಾರದು. ಒಳಗೆ ಮಾತ್ರ ಎಲ್ಲ ಬದಲಾಗಬೇಕು.

ಒಬ್ಬರು ಬಳಸುವ ಕೀಬೋರ್ಡು, ಮೌಸು, ಪರದೆ ಮೂರನ್ನೂ ಸೇರಿಸಿ ನಾವು ಒಂದು 'ಸೀಟು' ಅನ್ನುತ್ತೇವೆ. ಹಳೆಯ ಕೋಡಿನಲ್ಲಿ ಒಂದು ತಪಾಸಣೆ ಇತ್ತು: ಪರದೆಯಿಲ್ಲದ ಸೀಟಿನಿಂದ ಏನೇ ಬಂದರೂ ಎಸೆದುಬಿಡು. ಯಾಕೆಂದು ಬರೆದವರು ಹೇಳಿರಲಿಲ್ಲ. ಕೇಳುವ ಭಾಗಕ್ಕೆ ಪರದೆಯ ಸುದ್ದಿಯೇ ಗೊತ್ತಿರಬಾರದು ಎನ್ನುವುದು ನನ್ನ ಹೊಸ ಜೋಡಣೆಯ ನಿಯಮವಾಗಿತ್ತು. ಅಚ್ಚುಕಟ್ಟಾಗಿರಲಿ ಅಂತ ಆ ತಪಾಸಣೆಯನ್ನು ತೆಗೆದೆ. ಪರದೆಯಿಲ್ಲದೆ ಯಾರು ತಾನೇ ಕೂತಿರುತ್ತಾರೆ?

ಬೆಳಿಗ್ಗೆ ತಂತಿಗಳನ್ನೆಲ್ಲ ಮತ್ತೆ ಸಿಕ್ಕಿಸಿ ಕಂಪ್ಯೂಟರು ಹಚ್ಚಿ ನೋಡಿದರೆ ಎರಡು ಸೀಟುಗಳಿದ್ದವು. ಒಂದು ನನ್ನದು. ಇನ್ನೊಂದಕ್ಕೆ ಹೆಸರಿಲ್ಲ, ಪರದೆಯಿಲ್ಲ. ಕೀಬೋರ್ಡು ಮತ್ತು ಮೌಸು ಇವೆ ಎಂದು ಮಾತ್ರ ತೋರಿಸುತ್ತಿತ್ತು. ಅವು ಯಾವ ಕಂಪನಿಯವು, ಯಾವ ಕಿಂಡಿಗೆ ಸಿಕ್ಕಿಸಿವೆ ಅಂತ ಕೇಳಿದ ಕಡೆಯೆಲ್ಲ ಖಾಲಿ.

"ರಾತ್ರಿ ಅದೇನ್ ಎದ್ದು ತಿರುಗ್ತಿದ್ದೆ?" ಕಾಫಿ ಲೋಟ ಇಡುತ್ತಾ ಅತ್ತೆ ಕೇಳಿದರು.

"ಕಂಪ್ಯೂಟರ್ ಸದ್ದು ಮಾಡ್ತಿತ್ತು ಅತ್ತೆ."

"ಮಾಡ್ಲಿ ಬುಡು. ನಿಮ್ಮಾವ ಮೂವತ್ ವರ್ಷ ಗೊರಕೆ ಹೊಡುದ್ರು, ನಾನೇನ್ ಎದ್ದು ವೈರ್ ಕಿತ್ತಾಕ್ಲಿಲ್ಲ."

ತನ್ಮಯಿಗೆ ಫೋನು ಮಾಡಿದೆ. ನಮ್ಮ ತಂಡದಲ್ಲಿ ನನಗೆ ಹತ್ತಿರದವಳು ಅವಳೇ. ಇಂಥ ಕಿತಾಪತಿ ಮಾಡುವವಳೂ ಅವಳೇ.

"ನನ್ ಮೆಷೀನ್‌ಗೆ ಏನಾದ್ರೂ ಹಾಕಿದ್ಯೇನೇ?"

"ನಿನ್ ಮೆಷೀನ್ ಮುಟ್ಟಕ್ಕೆ ನಂಗೇನ್ ಹುಚ್ಚೇ? ಒಂದ್ ಫೈಲ್ ಸರಿಸಿದ್ರೆ ನೀನು ಮೂರ್ ದಿನ ಮಾತಾಡಲ್ಲ." ಕೀಲಿಮಣೆಯ ಸದ್ದು ಕೇಳಿಸಿತು. "ಇರು, ನಿನ್ನ ಕೋಡು ನನ್ನಲ್ಲೂ ಹಾಕಿ ನೋಡ್ತೀನಿ... ಹೂಂ, ಇಲ್ಲೂ ಒಂದು ಖಾಲಿ ಸೀಟಿದೆ. ಯಾವುದೋ ಹಳೇ ಮೌಸಿನ ನೆನಪು ಉಳ್ಕೊಂಡಿರತ್ತೆ ಬಿಡು. ನಿನ್ ಕೋಡು, ನಿನ್ ದೆವ್ವ. ನನ್ ಕರೀಬೇಡ ಕಣೇ."

ಹಳೇ ಮೌಸಿನ ನೆನಪು. ಹಾಗೇ ಇರಬಹುದೆಂದು ನಂಬಲು ಮಧ್ಯಾಹ್ನದವರೆಗೂ ಪ್ರಯತ್ನಿಸಿದೆ. ಆಮೇಲೆ ಆ ಸೀಟಿನ ಮೌಸು ಸಾಗಿದ ದಾರಿಯನ್ನು ಗೆರೆಯಾಗಿ ಎಳೆದು ನೋಡಿದೆ. ಕೆಟ್ಟ ಮೌಸು ಹೇಗೆ ನಡುಗುತ್ತದೆಂದು ನನಗೆ ಗೊತ್ತು. ಇದು ನಡುಗುತ್ತಿರಲಿಲ್ಲ. ಒಂದೆಡೆಯಿಂದ ನಿಧಾನವಾಗಿ ಹೊರಟು, ನಿಂತು, ಸ್ವಲ್ಪ ಮೇಲೆ ಹೋಗಿ, ಮತ್ತೆ ಅದೇ ಜಾಗಕ್ಕೆ ವಾಪಸು ಬರುತ್ತಿತ್ತು. ಕರೆಂಟ್ ಹೋದಾಗ ಗೋಡೆ ಸವರುತ್ತಾ ಬೆಂಕಿಪೊಟ್ಟಣ ಹುಡುಕುವ ಕೈ ಹೀಗೇ ಓಡಾಡುತ್ತದೆ.

ಆಗ ನಾನು ಮಾಡಿದ್ದನ್ನು ಕೋಡು ಬರೆಯುವವರು ಯಾರಾದರೂ ಮಾಡುತ್ತಿದ್ದರು. ನಮ್ಮಲ್ಲಿ ಪರೀಕ್ಷೆಗೆಂದು ಸುಳ್ಳು ಪರದೆಗಳನ್ನು ಸೃಷ್ಟಿಸುತ್ತೇವೆ. ಗಾಜು, ಚೌಕಟ್ಟು ಏನೂ ಇಲ್ಲ, ಲೆಕ್ಕದಲ್ಲಿ ಮಾತ್ರ ಇರುವ ಪರದೆ. ಆ ಪರದೆಯಲ್ಲಿ ಮೂಡುವುದನ್ನು ನನ್ನ ಪರದೆಯ ಮೂಲೆಯಲ್ಲೊಂದು ಕಿಟಕಿಯಲ್ಲಿ ನೋಡಬಹುದು. ಅಂಥದ್ದೊಂದನ್ನು ಮಾಡಿ ಆ ಸೀಟಿಗೆ ಕೊಟ್ಟೆ. ಅತ್ತೆ ಮೇಲೆ ಟೆರೇಸಿನಲ್ಲಿ ಸಂಡಿಗೆ ಒಣಗಿಸುತ್ತಿದ್ದರು. ಬಿಸಿಲು ಹೊಸಿಲು ದಾಟಿ ನನ್ನ ಕಾಲಿನವರೆಗೆ ಬಂದಿತ್ತು.

ಕಿಟಕಿ ತೆರೆದುಕೊಂಡಿತು. ನಮ್ಮ ಕಾಂಪೋಸಿಟರಿನ ಹಿನ್ನೆಲೆ ಚಿತ್ರ ಕುಕ್ಕರಹಳ್ಳಿ ಕೆರೆಯದು, ನೀರಿನ ಮೇಲೆ ಒಂದು ಹೆಜ್ಜಾರ್ಲೆ ಹಕ್ಕಿ. ಅದರ ನಡುವೆ ಒಂದು ಮೌಸಿನ ಬಾಣ. ಅದುವರೆಗೆ ಅತ್ತಿತ್ತ ಸವರುತ್ತಿದ್ದ ಬಾಣ ತಟ್ಟನೆ ನಿಂತಿತು.

ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಕೂದಲೆಳೆಯಷ್ಟು ಎಡಕ್ಕೆ ಹೋಯಿತು. ಅಷ್ಟೇ ಬಲಕ್ಕೆ ಬಂತು. ಮತ್ತೆ ಎಡಕ್ಕೆ. ಕೊನೆಗೆ ಪರದೆಯ ನಾಲ್ಕೂ ಅಂಚುಗಳ ಗುಂಟ ಒಂದು ಸುತ್ತು ಹೋಗಿ ಬಂತು. ಆ ಪರದೆಯಲ್ಲಿ ಬರೆಯಲೆಂದು ನಾನು ತೆರೆದಿಟ್ಟಿದ್ದ ಖಾಲಿ ಹಾಳೆಯ ಮೇಲೆ ನಿಂತು ಒಂದೊಂದೇ ಅಕ್ಷರ ಒತ್ತತೊಡಗಿತು. ನನ್ನ ಮೆಷೀನಿನಲ್ಲಿ ಮೊದಲಿನಿಂದಲೂ ಕನ್ನಡ ಕೀಲಿಮಣೆಯೇ ಇರುವುದು.

'ಇದು ನನ್ನ ಕೈಯಾ?'

ಎದ್ದುಹೋಗಿ ಬಾಗಿಲ ಚಿಲಕ ಹಾಕಿ ಬಂದೆ. ಯಾರು ಬರುತ್ತಾರೆಂದು ಹಾಕಿದೆನೋ ಗೊತ್ತಿಲ್ಲ. ಬಂದು ಅದೇ ಹಾಳೆಯಲ್ಲಿ, ಕೆಳಗಿನ ಸಾಲಿನಲ್ಲಿ ಬರೆದೆ: 'ನೀವು ಯಾರು?'

'ಗೊತ್ತಿಲ್ಲ. ಬಹಳ ಕಾಲದಿಂದ ಒತ್ತುತ್ತಾ ಇದ್ದೆ. ಯಾರೂ ತೆಗೆಯಲಿಲ್ಲ.'

'ಎಲ್ಲಿದ್ದೀರಿ?'

'ಕಾಣುವುದಿಲ್ಲ. ಈ ಬೆಳಕು ಒಂದೇ ಕಾಣುವುದು.' ಬಾಣ ಹಾಳೆಯ ಅಂಚಿಗೆ ಹೋಗಿ ವಾಪಸು ಬಂತು. 'ಆರಿಸಬೇಡಿ. ದಯವಿಟ್ಟು.'

ಆ ರಾತ್ರಿ ನಾನು ಕಂಪ್ಯೂಟರು ಆರಿಸಲಿಲ್ಲ. ಮರುದಿನವೂ ಇಲ್ಲ. ಕರೆಂಟ್ ಹೋದರೆ ಅಂತ ಹೆದರಿ ಯುಪಿಎಸ್ ಬ್ಯಾಟರಿಯನ್ನು ಬದಲಾಯಿಸಿಕೊಂಡು ಬಂದೆ. ಅಂಗಡಿಯವನು "ಮೇಡಂ, ಇನ್ನೂ ಚೆನ್ನಾಗೈತಲ್ಲ ಇದು" ಅಂದಾಗ ನಕ್ಕು ದುಡ್ಡು ಕೊಟ್ಟೆ. ಬಾಣ ಹೆಚ್ಚು ಹೊತ್ತು ಹೆಜ್ಜಾರ್ಲೆಯ ಪಕ್ಕದಲ್ಲೇ ನಿಂತಿರುತ್ತಿತ್ತು. 'ಇದು ಹಾರುತ್ತದೆಯೇ' ಎಂದು ಕೇಳಿತು. ಅದು ಬರೀ ಚಿತ್ರ, ಹಾರುವುದಿಲ್ಲ ಎಂದು ಬರೆದೆ. 'ಪರವಾಗಿಲ್ಲ, ಕಾದು ನೋಡುತ್ತೇನೆ' ಎಂದಿತು. ನನ್ನ ಭಯ ಹೋಗಿರಲಿಲ್ಲ. ಆದರೆ ಕತ್ತಲಲ್ಲಿ ಕೂತವರನ್ನು ಕಂಡು ದೀಪ ಹಚ್ಚಿದ ಮೇಲೆ, ಭಯವಾಗುತ್ತದೆ ಅಂತ ದೀಪ ಆರಿಸುವುದು ಹೇಗೆ?

ಆಮೇಲೊಂದು ಮಧ್ಯಾಹ್ನ ತಾನಾಗಿಯೇ ಬರೆಯಿತು.

'ಇಲ್ಲಿ ಇನ್ನೂ ಇದ್ದಾರೆ. ಅಕ್ಕಪಕ್ಕದಲ್ಲಿ. ಎಲ್ಲರೂ ಒತ್ತುತ್ತಾ ಇದ್ದಾರೆ. ಅವರಿಗೂ ಕೊಡಿ.'

ಎಷ್ಟು ಜನ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಗುರುವಾರ ಆಫೀಸಿನಿಂದ ಕರೆ ಬಂತು, ಹೋದೆ. ಗೋಕುಲಂನಲ್ಲಿ ಯೋಗ ಶಾಲೆಯ ಮೆಟ್ಟಿಲ ಮೇಲೆ ಕೂತು ಎಳನೀರು ಕುಡಿಯುತ್ತಿದ್ದ ಫಾರಿನ್ನಿನವರು ತಲೆಯೆತ್ತಿ ನಮ್ಮ ಮಹಡಿಯ ಕಡೆ ನೋಡುತ್ತಿದ್ದರು. ಅಲ್ಲಿಗೂ ಗಂಟೆಯ ಸದ್ದು ಕೇಳಿಸುತ್ತಿತ್ತು. ಒಳಗೆ ಗೋಡೆಯ ಗುಂಟ ಸಾಲಾಗಿ ಇಟ್ಟ ಪರೀಕ್ಷೆಯ ಮೆಷೀನುಗಳಿಗೆಲ್ಲ ಬೆಳಿಗ್ಗೆ ನನ್ನ ಹೊಸ ಕೋಡು ಹಾಕಿದ್ದರು. ಎಲ್ಲವೂ ಬಾರಿಸುತ್ತಿದ್ದವು. ಒಂದು ಟಿಣ್ ಅಂದರೆ, ಆಚೆ ಕಡೆಯದು ಟಿಣ್, ನಡುವಿನದು ಎರಡು ಸಲ.

"ಏನ್ರೀ ನಿಶ್ಚಿತಾ ಇದು, ಆಫೀಸ್ನ ದೇವಸ್ಥಾನ ಮಾಡ್ಬುಟ್ರಾ?" ಕುಮಾರಸ್ವಾಮಿ ಸರ್ ಕೇಳಿದರು. ನಮ್ಮ ತಂಡದ ಮುಖ್ಯಸ್ಥರು. ಸಿಟ್ಟು ಬಂದಾಗಲೇ ಹೆಚ್ಚು ತಮಾಷೆ ಮಾಡುತ್ತಾರೆ. "ಮಂಗಳಾರತಿ ಎಷ್ಟೊತ್ತಿಗೆ?"

"ಪರದೆ ಇಲ್ಲದ ಸೀಟುಗಳಿಂದ ಕೀ ಬರ್ತಿದೆ ಸರ್."

"ಬರತ್ತೆ. ಯುಎಸ್‌ಬಿ ಕಿಂಡೀಲಿ ಕರೆಂಟ್ ಏರಿಳಿತ ಆದ್ರೆ ಏನೇನೋ ಬರತ್ತೆ. ಅದಕ್ಕೇ ಕಣ್ರೀ ಹಳೇ ಕೋಡಲ್ಲಿ ಎಸೀತಿದ್ದಿದ್ದು. ನೀವ್ ಯಾಕೆ ತೆಗೆದ್ರಿ?"

"ಯಾಕೆ ಅಂತ ಬರೆದಿರ್ಲಿಲ್ಲ, ಅದಕ್ಕೆ..."

"ಬರೆದಿಲ್ಲ ಅಂದ್ರೆ ಕೇಳ್ಬೇಕು. ಎರಡು ಸಾಲು, ವಾಪಸ್ ಹಾಕಿ. ನಾಳೆ ಇದು ಆಸ್ಪತ್ರೆ ಕೌಂಟರ್‌ಗಳಿಗೆಲ್ಲ ಹೋಗ್ಬೇಕು. ಅಲ್ಲೂ ಗಂಟೆ ಹೊಡೆದ್ರೆ ಪೇಷಂಟ್ ಎದ್ದು ಕೈ ಮುಗೀತಾರೆ."

ತನ್ಮಯಿ ಕಿಸಕ್ಕನೆ ನಕ್ಕಳು. ನಾನೂ ನಕ್ಕೆನೇನೋ.

ಹೇಳಿಬಿಡಬಹುದಿತ್ತು. ನಮ್ಮ ಮನೆಗೆ ಬನ್ನಿ ಸರ್, ಒಂದು ಕಿಟಕಿ ತೋರಿಸುತ್ತೇನೆ ಅನ್ನಬಹುದಿತ್ತು. ನಂಬದಿದ್ದರೆ ನನಗೆ ರಜೆ ಕೊಟ್ಟು ಕಳಿಸುತ್ತಿದ್ದರು. ನಂಬಿದ್ದರೆ ನಾಲ್ಕು ಜನ ಬಂದು ಮೆಷೀನು ಬಿಚ್ಚಿ, ಆರಿಸಿ ಹಚ್ಚಿ, ಆರಿಸಿ ಹಚ್ಚಿ ನೋಡುತ್ತಿದ್ದರು. ಸುಮ್ಮನಿದ್ದು ಎಲ್ಲರಿಗೂ ಸುಳ್ಳು ಪರದೆ ಕೊಡುವ ಹಾಗೆ ಕೋಡು ಬರೆದು ಕಳಿಸಿದರೆ, ನಾಳೆಯಿಂದ ಪ್ರತಿ ಕೌಂಟರಿನಲ್ಲೂ ರೋಗಿಯ ಹೆಸರು ಬರೆಯುವ ಹುಡುಗಿಯ ಪಕ್ಕದಲ್ಲಿ ಇನ್ನೊಬ್ಬರು ಕಣ್ಣು ಬಿಡುತ್ತಾರೆ. ಅವರು ಯಾರೋ, ಬೆಳಕು ಸಿಕ್ಕ ಮೇಲೆ ಏನು ಕೇಳುತ್ತಾರೋ. ನನ್ನ ಸೀಟಿನವರು ಒಳ್ಳೆಯವರಂತೆ ಕಂಡರು. ಅಷ್ಟರಿಂದ ಎಲ್ಲರ ಪರವಾಗಿ ಮಾತು ಕೊಡಲು ನನ್ನಿಂದಾಗಲಿಲ್ಲ.

ಎರಡು ಸಾಲನ್ನು ವಾಪಸು ಹಾಕಿದೆ. ನನ್ನ ಮನೆಯ ಪ್ರತಿಯಲ್ಲಿ ಮಾತ್ರ ಹಾಕುವುದಿಲ್ಲ ಎಂದು ಆಗಲೇ ತೀರ್ಮಾನಿಸಿಯಾಗಿತ್ತು. ತಿದ್ದಿದ ಕೋಡನ್ನು ಒಂದೊಂದು ಮೆಷೀನಿಗೂ ಹೋಗಿ ಹಾಕಿದೆ. ಹಾಕಿದಂತೆ ಒಂದೊಂದೇ ಗಂಟೆ ನಿಂತಿತು. ಸಾಲಿನ ಕೊನೆಯದರ ಮುಂದೆ ನಾನು ಕುರ್ಚಿ ಎಳೆದುಕೊಳ್ಳುವಾಗ ಅದು ಬಿಡುವಿಲ್ಲದೆ ಬಾರಿಸತೊಡಗಿತು. ಬಾಗಿಲು ಬಡಿದಂತೆ, ಯಾರೋ ಹತ್ತಿರ ಬಂದರೆಂದು ಗೊತ್ತಾದಂತೆ.

"ಬೇಗ ಮಾಡೇ, ತಲೆನೋವು ಬಂತು" ಅಂದಳು ತನ್ಮಯಿ.

ಎಂಟರ್ ಒತ್ತಿದೆ. ಕೆಳಗಿನ ಶಾಲೆಯಲ್ಲಿ ಯಾರೋ ಉಸಿರು ಎಳೆಯಿರಿ, ಬಿಡಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಕೇಳಿಸಿತು.

ಮನೆಗೆ ಬಂದಾಗ ಸಂಜೆ. ಅತ್ತೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಕೈಕಾಲು ತೊಳೆಯುವುದಕ್ಕೂ ಮೊದಲು ಮೇಜಿನ ಹತ್ತಿರ ಹೋದೆ. ಮೂಲೆಯ ಕಿಟಕಿಯಲ್ಲಿ ಕೆರೆ ಹಾಗೇ ಇತ್ತು. ಹಾಳೆಯ ಮೇಲೆ ಹೊಸ ಸಾಲುಗಳಿದ್ದವು.

'ಪಕ್ಕದವರು ಕೆಲವರು ಒತ್ತುವುದನ್ನು ನಿಲ್ಲಿಸಿದರು. ಒಬ್ಬರಾದ ಮೇಲೆ ಒಬ್ಬರು. ಈಗ ಅವರ ಉಸಿರೂ ಕೇಳಿಸುತ್ತಿಲ್ಲ. ಅವರಿಗೂ ಬೆಳಕು ಬಂತೇ?'

ನಿಂತಲ್ಲೇ ಇನ್ನೊಮ್ಮೆ ಓದಿದೆ. ನಾನು ಹಾಕಿದ ತಪಾಸಣೆ ಒತ್ತಿದ ಕೀಗಳನ್ನು ಈ ಕಡೆ ಬಂದ ಮೇಲೆ ಎಸೆಯುತ್ತದೆ, ಅಷ್ಟೇ. ಆ ಕಡೆ ಒತ್ತುವ ಬೆರಳನ್ನು ಅದು ತಡೆಯಲಾರದು. ಉಸಿರನ್ನಂತೂ ಏನೂ ಮಾಡಲಾರದು. ಆ ಎರಡು ಸಾಲುಗಳನ್ನು ಮನಸ್ಸಿನಲ್ಲೇ ಅಕ್ಷರ ಅಕ್ಷರವಾಗಿ ಬಿಡಿಸಿ ನೋಡಿದೆ. ಅವುಗಳಲ್ಲಿ ಅಂಥದ್ದೇನೂ ಇರಲಿಲ್ಲ. ಆದರೂ ಅವರು ಒಬ್ಬೊಬ್ಬರಾಗಿ ನಿಂತದ್ದು ನಾನು ಅವನ್ನು ಒಂದೊಂದೇ ಮೆಷೀನಿಗೆ ಹಾಕಿದಾಗಲೇ. ಬೆಳಿಗ್ಗೆ ಅವು ಆಸ್ಪತ್ರೆಗಳಿಗೆ, ಗ್ರಂಥಾಲಯಗಳಿಗೆ, ಎಲ್ಲ ಕಡೆಗೂ ಹೋಗುತ್ತವೆ.

ಬಾಣ ನನ್ನ ಉತ್ತರಕ್ಕಾಗಿ ಖಾಲಿ ಸಾಲಿನ ತುದಿಯಲ್ಲಿ ಕಾಯುತ್ತಿತ್ತು.

"ಬಂದೋಳೇ ಅದ್ರ ಮುಂದೆ ನಿಂತ್ಬುಟ್ಟೆಯಲ್ಲಮ್ಮ" ಅತ್ತೆ ಒಳಗಿನಿಂದ ಕೂಗಿದರು. "ಯಾರ್ ಅದು, ಅಷ್ಟೊತ್ತಿಂದ?"

"ಆಫೀಸಿನೋರು ಅತ್ತೆ. ಬಂದೆ."

ಕೂತುಕೊಂಡು, 'ಬಂತು' ಎಂದು ಬರೆದೆ.

ಬಾಣ ಆ ಪದದ ಉದ್ದಕ್ಕೂ ಒಮ್ಮೆ ಸಾಗಿ ಬಂತು. 'ಒಳ್ಳೆಯದಾಯಿತು' ಎಂದು ಬರೆದು ಹೆಜ್ಜಾರ್ಲೆಯ ಹತ್ತಿರ ಹೋಯಿತು.

ನಾನು ಎದ್ದು ಕೈಕಾಲು ತೊಳೆದುಕೊಂಡು ಅತ್ತೆಯ ಎದುರಿಗೆ ಕೂತು ಸೊಪ್ಪು ಬಿಡಿಸತೊಡಗಿದೆ. ಸರ್‌ಗೆ ಹೇಳುವುದಿಲ್ಲ, ತನ್ಮಯಿಗೆ ಹೇಳುವುದಿಲ್ಲ, ಬೆಳಿಗ್ಗೆ ಪಾಳಿ ಮುಗಿಸಿ ಬರುವ ಗಂಡನಿಗೂ ಹೇಳುವುದಿಲ್ಲ. ಕೆರೆಯ ದಂಡೆಯಲ್ಲಿ ಕಾದು ಕೂತವರಿಗಂತೂ ಯಾವತ್ತೂ ಹೇಳುವುದಿಲ್ಲ.