ಖಾಲಿ ಕೋಣೆಯ ಗಾಳಿ

ಅಕ್ಕನ ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿದಾಗ, ಸರಿಹೊಂದಿದ್ದು ತಂಗಿಯ ಮಜ್ಜೆ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ತನ್ನನ್ನು ಗದರಿ, ಮುದ್ದಿಸಿ ಬೆಳೆಸಿದವಳಿಗೆ ಕೊಡಲು ಯೋಚಿಸುವುದೇನಿತ್ತು? ಹಿಂದೆಮುಂದೆ ನೋಡದೆ ಕೊಟ್ಟಳು. ಸೊಂಟದ ನೋವು ಇಳಿಯುವ ಮೊದಲೇ ಅಕ್ಕನನ್ನು ನೋಡಲು ಹೊರಟವಳನ್ನು ಡಾಕ್ಟರು ಬಾಗಿಲಲ್ಲೇ ತಡೆದರು.

"ಎಲ್ಲಿ ಕೆಲಸ ಮಾಡ್ತೀರಿ?"

"ಶಿಶುವಿಹಾರದಲ್ಲಿ. ಪುಟ್ಟ ಮಕ್ಕಳನ್ನ ನೋಡ್ಕೊಳ್ತೀನಿ."

"ಹಾಗಾದ್ರೆ ಎಲ್ಲರಿಗಿಂತ ನೀವೇ ದೂರ ಇರ್ಬೇಕು."

ಅಕ್ಕನ ಹಳೆಯ ರೋಗನಿರೋಧಕ ಶಕ್ತಿಯನ್ನು ಪೂರ್ತಿ ಅಳಿಸಿಯೇ ಹೊಸ ಮಜ್ಜೆ ಸೇರಿಸಿದ್ದರು. ಚಿಕ್ಕಂದಿನಿಂದ ಬಂದುಹೋದ ಜ್ವರ, ಹಾಕಿಸಿಕೊಂಡ ಲಸಿಕೆ, ಯಾವುದರ ನೆನಪನ್ನೂ ಆ ಮೈಯಲ್ಲಿ ಇನ್ನು ನೆಚ್ಚುವಂತಿರಲಿಲ್ಲ. ಹೊಸ ರಕ್ತಕಣಗಳು ಹಸುಗೂಸಿನಂತೆ ಒಂದೊಂದು ರೋಗವನ್ನೂ ಗುರುತು ಹಿಡಿಯಲು ಕಲಿಯಬೇಕು. ಅಲ್ಲಿಯವರೆಗೆ, ತಂಗಿಗೆ ಮೂಗು ಸೋರಿಸಿ ಹೋಗುವ ನೆಗಡಿಯೂ ಅಕ್ಕನ ಶ್ವಾಸಕೋಶಕ್ಕೆ ಇಳಿದು ಜೀವಕ್ಕೆ ಕುತ್ತಾಗಬಹುದು. ಶಿಶುವಿಹಾರದಲ್ಲೋ ಮೂಗು ಸೋರದ ಮಗುವೇ ಇರಲಿಲ್ಲ. ಒಬ್ಬನ ಬಾಯಿಂದ ಬಿದ್ದ ಗೊಂಬೆ ಇನ್ನೊಬ್ಬಳ ಬಾಯಿಗೆ. ಸೋಮವಾರ ಒಂದು ಮೂಲೆಯಲ್ಲಿ ಎದ್ದ ಕೆಮ್ಮು ಶುಕ್ರವಾರದ ಹೊತ್ತಿಗೆ ಇಡೀ ಕೋಣೆ ಸುತ್ತಿ ಬರುತ್ತಿತ್ತು.

ಅಕ್ಕ ಮನೆಗೆ ಬಂದ ಮೇಲೆ ತಂಗಿ ಕೆಲಸ ಮುಗಿಸಿ, ಎದುರಿನ ಫುಟ್‌ಪಾತಿನಲ್ಲಿ ನಿಂತು ಮೂರನೇ ಮಹಡಿಯ ಕಿಟಕಿ ನೋಡುತ್ತಿದ್ದಳು. ಇಬ್ಬರ ಕಿವಿಗೂ ಫೋನು.

"ಏನೇ ಪುಟ್ಟಿ, ಸೊರಗಿ ಹೋಗಿದೀಯಲ್ಲ?"

"ಅಷ್ಟು ಮೇಲಿಂದ ನಿಂಗೆ ಹೇಗೆ ಕಾಣ್ಸುತ್ತೆ?"

"ನಿನ್ನ ನೋಡೋಕೆ ಕನ್ನಡಕ ಬೇಕಾ? ಅಂದಹಾಗೆ, ಪಕ್ಕದ ಮನೆ ಬೆಕ್ಕು ಬಾಲ್ಕನಿ ದಾಟಿ ಒಳಗೇ ಬಂದ್ಬಿಟ್ಟಿತ್ತು. ಸೀನಿ ಸೀನಿ ಸಾಕಾಯ್ತು. ಬೆಕ್ಕು ಕಂಡ್ರೆ ಸೀನ್ತಿದ್ದವಳು ನೀನು! ಮಜ್ಜೆ ಜೊತೆ ಅಲರ್ಜಿನೂ ಬರಬಹುದಂತೆ ಕಣೇ. ಕೊಡೋದು ಕೊಟ್ಟೆ, ಇದೊಂದನ್ನ ನಿನ್ನ ಹತ್ರಾನೇ ಇಟ್ಕೋಬಾರ್ದಿತ್ತಾ?"

ತಂಗಿ ನಕ್ಕಳು. ನಗುತ್ತಲೇ ಕಿಟಕಿಯತ್ತ ಕೈ ಬೀಸಿದಳು. ತನ್ನ ಕಣಗಳು ಆ ಮೈಯಲ್ಲಿ ಓಡಾಡಿಕೊಂಡಿವೆ. ತಾನು ಮಾತ್ರ ಆ ಮನೆಯ ಮೆಟ್ಟಿಲು ಹತ್ತುವಂತಿಲ್ಲ. ಕೆಲಸ ಬಿಡುತ್ತೇನೆಂದರೆ ಅಕ್ಕ ಒಪ್ಪಲಿಲ್ಲ. "ಆ ಮಕ್ಕಳು ನಿನ್ನ ಬಿಟ್ಟಿರಲ್ಲ. ನಾನು ಬಿಟ್ಟಿರೋದನ್ನ ಕಲೀತೀನಿ" ಎಂದಳು.

ಕಲಿಯಲಿಲ್ಲ. ಒಂದು ಸಂಜೆ, ಮಕ್ಕಳೆಲ್ಲ ಹೋಗಿರುತ್ತಾರೆಂದುಕೊಂಡು, ಅಕ್ಕ ಗಂಡನಿಗೂ ಹೇಳದೆ ಶಿಶುವಿಹಾರಕ್ಕೆ ಬಂದಳು. ತಂಗಿ ಆಗಷ್ಟೇ ಜ್ವರದಿಂದ ಕಣ್ಣು ಕೆಂಪೇರಿದ್ದ ಮಗುವೊಂದನ್ನು ಹಿಂದಿನ ಬೀದಿಯ ಅದರ ಮನೆಗೆ ಬಿಟ್ಟುಬರಲು ಹೋಗಿದ್ದಳು. ಮರಳಿದಾಗ, ಕಿಟಕಿ ಮುಚ್ಚಿದ್ದ ಕೋಣೆಯಲ್ಲಿ, ಮಕ್ಕಳ ಗಿಡ್ಡ ಕುರ್ಚಿಯ ಮೇಲೆ ಮೊಣಕಾಲು ಮಡಚಿಕೊಂಡು ಅಕ್ಕ ಕೂತಿದ್ದಳು. ಮಾಸ್ಕ್ ಗದ್ದಕ್ಕೆ ಜಾರಿತ್ತು.

"ಯಾರೂ ಇಲ್ವಲ್ಲೇ, ಖಾಲಿ ಇದೆ. ಬೈಬೇಡ."

ಬೈಯಬೇಕಿತ್ತು, ಕೈಹಿಡಿದು ಹೊರಗೆ ಎಳೆಯಬೇಕಿತ್ತು. ತಂಗಿ ಅವಳನ್ನು ತಬ್ಬಿಕೊಂಡಳು. ಹೊಸದಾಗಿ ಹುಟ್ಟಿದ್ದ ಮೋಟು ಕೂದಲು ಕೆನ್ನೆಗೆ ಚುಚ್ಚಿತು. ಇಬ್ಬರಿಗೂ ಬಿಡಲು ಮನಸ್ಸಾಗಲಿಲ್ಲ.

ಮೂರು ದಿನದಲ್ಲಿ ಆ ಮಗುವಿನ ಮೈಮೇಲೆ ಕೆಂಪು ಚುಕ್ಕೆ ಎದ್ದವು. ದಡಾರ, ಲಸಿಕೆ ತಪ್ಪಿಹೋಗಿದ್ದ ಮಗು. ತಂಗಿ ಡಾಕ್ಟರ ಬಳಿಗೆ ಓಡಿದಳು.

"ಮಗು ಎದ್ದುಹೋದ್ಮೇಲೂ ಆ ವೈರಸ್ಸು ಎರಡು ಗಂಟೆವರೆಗೆ ಗಾಳಿಯಲ್ಲಿ ಉಳೀಬಹುದು" ಎಂದರು ಅವರು. "ಕೋಣೆ ಖಾಲಿ ಇದ್ರೂ ಗಾಳಿ ಖಾಲಿ ಇರಲ್ಲಮ್ಮ."

"ನಂಗೆ ಚಿಕ್ಕವಳಿದ್ದಾಗಲೇ ದಡಾರ ಬಂದುಹೋಗಿದೆ. ಅವಳಲ್ಲಿರೋದು ನನ್ನ ಮಜ್ಜೆ ತಾನೇ? ನನ್ನ ಮೈಗೆ ಗೊತ್ತಿರೋದು ಅದಕ್ಕೂ ಗೊತ್ತಿರಲ್ವಾ?"

"ಒಂಚೂರು ದಾಟಿರಬಹುದು. ಅದನ್ನ ನಂಬ್ಕೊಂಡು ಕೂರೋಕಾಗಲ್ಲ."

ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಅವತ್ತೇ ಅಕ್ಕನಿಗೆ ಕೊಟ್ಟರು. ದಡಾರದ ಗುರುತು ಬಲ್ಲ ಯಾರ್ಯಾರದೋ ಮೈಗಳು ಮಾಡಿಟ್ಟ ಕಾವಲು. ಕೆಲವು ವಾರವಿದ್ದು ಕರಗಿಹೋಗುವಂಥದ್ದು. ಇನ್ನು ಕಾಯುವುದೊಂದೇ. ತಂಗಿಗೆ ಅನ್ನ ಸೇರಲಿಲ್ಲ. ಆ ಅಪ್ಪುಗೆಯನ್ನು ಶಪಿಸಿದಳು. ಶಪಿಸುತ್ತಲೇ ಅದಕ್ಕಾಗಿ ಮತ್ತೆ ಹಂಬಲಿಸಿದಳು.

ಕೊನೆಗೆ ಒಂದು ಬೆಳಗ್ಗೆ ಭಾವ ಫೋನ್ ಮಾಡಿದರು. "ಜ್ವರ ಬಂದಿದೆ. ಅಡ್ಮಿಟ್ ಮಾಡ್ಕೊಂಡಿದಾರೆ. ಅಳ್ಬೇಡಮ್ಮ, ನೀನು ಅತ್ರೆ ನಾನೂ ಅಳ್ತೀನಿ."

ಜ್ವರ ಏರಿತು, ಕಾಡಿಸಿತು, ಆದರೆ ಶ್ವಾಸಕೋಶಕ್ಕೆ ಇಳಿಯಲಿಲ್ಲ. ಎದೆಯ ಮೇಲೆ ನಾಲ್ಕಾರು ಚುಕ್ಕೆ ಎದ್ದು ಮಾಸಿದವು. ಎರವಲು ಬಂದ ಪ್ರತಿಕಾಯಗಳು ಏಟು ತಡೆದಿದ್ದವು, ಹೊಸ ಕಣಗಳೂ ಕೈಲಾದಷ್ಟು ಕಾದಾಡಿದ್ದವು ಎಂದರು ಡಾಕ್ಟರು. ಆ ಮಗುವೂ ಗೆಲುವಾಯಿತು.

"ಇನ್ನೊಂದ್ಸಲ ಹಾಗೆ ಬರ್ತೀಯಾ?" ತಂಗಿ ಫೋನಿನಲ್ಲೇ ಗದರಿದಳು.

"ಇಲ್ಲ ಕಣೇ" ಎಂದಳು ಅಕ್ಕ. "ಆದ್ರೆ ಬಂದಿದ್ದಕ್ಕೆ ಬೇಜಾರಿಲ್ಲ."

ತಿಂಗಳುಗಳ ನಂತರ, ಬಯಲಿನಲ್ಲಿ ಭೇಟಿಯಾಗಬಹುದು ಎಂದು ಡಾಕ್ಟರು ಒಪ್ಪಿದರು. ಪಾರ್ಕು ಗೊತ್ತಾಯಿತು, ಹೊತ್ತು ಗೊತ್ತಾಯಿತು. ಆ ಬೆಳಗ್ಗೆ ಏಳುವಾಗ ತಂಗಿಯ ಗಂಟಲಲ್ಲಿ ಸಣ್ಣ ಕೆರೆತ. ಒಗೆದಿಟ್ಟ ಸೀರೆಯನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ಫೋನ್ ಎತ್ತಿಕೊಂಡು, "ಗಂಟಲು ಕೆರೀತಿದೆ. ಇವತ್ತು ಬರಲ್ಲ, ಅಕ್ಕ" ಎಂದಳು.

"ಬಿಸಿನೀರು ಕುಡಿ" ಎಂದಳು ಅಕ್ಕ.

ಗಂಟಲು ಪೂರ್ತಿ ವಾಸಿಯಾದ ಮೇಲೆಯೇ ತಂಗಿ ಪಾರ್ಕಿಗೆ ಹೋದಳು. ಅಕ್ಕ ಮೊದಲೇ ಬಂದು ಬೆಂಚಿನ ಒಂದು ತುದಿಯಲ್ಲಿ ಕೂತಿದ್ದಳು. ತಂಗಿ ಇನ್ನೊಂದು ತುದಿಯಲ್ಲಿ ಕೂತಳು.