ನೆಮ್ಮಾರಿನ ದಿಬ್ಬಣ ಪುರಕ್ಕೆ ವಾಪಸ್

ವೀರೇಶ ಸ್ಟೇರಿಂಗ್ ಹಿಡಿದರೆ ಕೊಪ್ಪದ ಗುಡ್ಡಗಳು ಎದ್ದು ಪಕ್ಕಕ್ಕೆ ಸರಿದು, ಬಸ್ಸು ದಾಟಿದ ಮೇಲೆ ಮತ್ತೆ ಕೂರುತ್ತಿದ್ದವು. ಎನ್.ಆರ್. ಪುರಕ್ಕೂ ಕೊಪ್ಪಕ್ಕೂ ನಡುವೆ ಅವನು ಓಡಿಸಿದ ದೂರವನ್ನು ನೆಟ್ಟಗೆ ಹಾಸಿದ್ದರೆ ಚಂದ್ರನಲ್ಲೊಂದು ಸ್ಟಾಪ್ ಸಿಗುತ್ತಿತ್ತು.

ಅಂಥವನ ಹೊಟ್ಟೆಗೆ ಕಿಚ್ಚಿಟ್ಟವನು ರಾಜಶೇಖರ, ಅದೇ ಮಾಲೀಕ ರೇಣುಕಪ್ಪನವರ ಇನ್ನೊಬ್ಬ ಡ್ರೈವರ್. ಇವತ್ತು ಶೃಂಗೇರಿ, ನಾಳೆ ಸಿರಿಮನೆ, ಎಲ್ಲಿಗೆ ಕಳಿಸಿದರೂ ಅಂಗಿ ಬದಲಿಸಿದಷ್ಟು ಸಲೀಸಾಗಿ ದಾರಿ ಬದಲಿಸುತ್ತಿದ್ದ. ರೇಣುಕಪ್ಪನವರು ಹೊಸ ಬಸ್ಸೊಂದನ್ನು ತಂದಿದ್ದರು. ಪುರದಿಂದ ಕೊಪ್ಪ, ಶೃಂಗೇರಿ ದಾಟಿ ನೆಮ್ಮಾರಿಗೆ ಹೊರಟ ಮದುವೆ ದಿಬ್ಬಣದ ಎರಡು ಬಸ್ಸುಗಳನ್ನು ಇಬ್ಬರಿಗೂ ಒಪ್ಪಿಸಿ, ಸರಿಯಾಗಿ ಮುಟ್ಟಿಸಿದವನಿಗೆ ಹೊಸದು ಎಂದರು.

ಮದುಮಗನನ್ನು ಕೂರಿಸಿಕೊಂಡು ವೀರೇಶ ಮುಂದೆ ಹೊರಟ. ಹಿಂದಿನ ಬಸ್ಸಿನಲ್ಲಿ ಯಾರಿಗೋ ವಾಂತಿಯಾಗಿ ರಾಜಶೇಖರ ಕನ್ನಡಿಯಿಂದ ಮರೆಯಾದ. ವೀರೇಶನ ಕಣ್ಣಿಂದ ಮರೆಯಾಗಲಿಲ್ಲ. ಆ ಕಣ್ಣೊಳಗೆ ರಾಜಶೇಖರ ಹೊಸ ಬಸ್ಸಿನ ಸೀಟಿನಲ್ಲಿ ಕೂತು ದೇವರ ಪಟಕ್ಕೆ ಊದುಬತ್ತಿ ಬೆಳಗುತ್ತಲೇ ಇದ್ದ. ಬಸ್ಸು ಕೊಪ್ಪದ ಸ್ಟ್ಯಾಂಡಿಗೆ ತಾನಾಗಿಯೇ ಹೊಕ್ಕಿತು. ವೀರೇಶ ಇಳಿದು ಟೀ ಕುಡಿದ, ಹತ್ತಿ ಕೂತ, ಹೊರಟ. ಹಿಂದೆ ಅಂತ್ಯಾಕ್ಷರಿಯ ಗದ್ದಲ, ಮದುಮಗ ಫೋನಿನಲ್ಲಿ ಮುಳುಗಿದ್ದ. ಅವನ ಪಕ್ಕದಲ್ಲಿ ಒಣಮೀನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ವೀರೇಶನ ದಿನನಿತ್ಯದ ಪ್ರಯಾಣಿಕರಾದ ಅನ್ನಮ್ಮ ಕೂತಿದ್ದರು.

ಊರು ದಾಟಿದ ಎರಡನೇ ತಿರುವಿನಲ್ಲಿ, ಪುರದ ಕಡೆಯಿಂದ ಬರುತ್ತಿದ್ದ ರಾಜಶೇಖರನ ಬಸ್ಸು ಮುಖಾಮುಖಿ ನಿಂತಿತು. ಅವನು ಕಿಟಕಿಯಿಂದ ತಲೆ ಹೊರಹಾಕಿದ.

"ಎಂತ ಮಾರಾಯ, ಮದುಮಗ ಬೇಡ ಅಂದ್ನಾ?"

ಅವನ ಬಸ್ಸಿನಲ್ಲೇ ಇದ್ದ ರೇಣುಕಪ್ಪನವರೂ ಇಳಿದು ಬಂದರು. ವೀರೇಶ ಉಸಿರು ಕೂಡ ಎಳೆದುಕೊಳ್ಳದೆ ಶುರುಮಾಡಿದ: ಶೃಂಗೇರಿ ರಸ್ತೆಯಲ್ಲಿ ನಲವತ್ತು ಆನೆ ಅಡ್ಡ ಮಲಗಿವೆ, ಒಂದು ಬಾನೆಟ್ ಮೇಲೆ ಕಾಲೂ ಇಟ್ಟಿತ್ತು, ತಾನು ಗದರಿದ್ದಕ್ಕೆ ತೆಗೆಯಿತು, ಮದುಮಗನ ಜೀವ ಉಳಿಸಲು ಹಿಂದೆ ತಿರುಗಿಸಿದ್ದು.

ಅನ್ನಮ್ಮ ಕಿಟಕಿಗೆ ಬಂದರು. "ಯಾವ ಆನೆ ವೀರೇಶ? ಟೀ ಕುಡಿದು ಬಂದು ಪುರ ಪುರ ಅಂತ ಕೂಗಿ ನನ್ನ ಹತ್ತಿಸಿದ್ದು ನೀನೇ ಅಲ್ವಾ?"

ವೀರೇಶ ರಾಜಶೇಖರನತ್ತ ನೋಡದೆ ಕೆಳಗಿಳಿದ.

"ಆನೆ ಇಲ್ಲ ಯಜಮಾನ್ರೇ. ನೆಮ್ಮಾರಿಗೆ ಹೋಗ್ಬೇಕು ಅಂತ ಗೊತ್ತಿತ್ತು. ಆದ್ರೆ ಪುರದಿಂದ ಇಲ್ಲೀವರೆಗೆ ನನ್ನ ತಲೇಲಿ ಇದ್ದಿದ್ದು ಇವನೊಬ್ಬನೇ, ಹೊಸ ಬಸ್ಸಲ್ಲಿ ಕೂತಿದ್ದ. ಗಾಡಿ ಓಡಿಸಿದ್ದು ಬರೀ ಕೈಕಾಲು, ಅವು ದಿನಾ ಹೋಗೋ ಕಡೆ ಹೋದ್ವು. ಮದುಮಗನ್ನ ಇವನ ಬಸ್ಸಿಗೆ ಹತ್ತಿಸಿ. ಹೊಟ್ಟೆ ಇನ್ನೂ ಉರೀತಿದೆ, ನಾನು ಮತ್ತೆ ದಾರಿ ತಪ್ತೀನಿ."