ಖಾಲಿ ಜಾಗ ಓಡಿಸಬೇಡ್ರಿ

ನಾನು ಒಂದು ಟೇಪ್ ರೆಕಾರ್ಡರ್. ಹಾಡು ಹಾಕಿ ಮಂದಿಯನ್ನು ಕುಣಿಸುವ ಜಾತಿಯಲ್ಲ, ಭಾಷೆ ಕಲಿಸುವ ಜಾತಿ. ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ಹಾಕಿಕೊಂಡ ಹೆಂಗಸೊಬ್ಬಳು ನನ್ನ ಗುಂಡಿಗಳನ್ನೆಲ್ಲ ಒತ್ತಿ ನೋಡಿ, ನಿಲ್ಲಿಸುವ ಗುಂಡಿಯನ್ನು ಮತ್ತೊಮ್ಮೆ ಒತ್ತಿ, ಸಮಾಧಾನವಾದ ಮೇಲೆಯೇ ನನ್ನನ್ನು ಪೆಟ್ಟಿಗೆಗೆ ಹಾಕಿದಳು. ಪಾಪ, ಅವಳಿಗೇನು ಗೊತ್ತು? ನನ್ನ ಪಾಲಿಗೆ ಬಂದ ಮಂದಿ ಆ ಗುಂಡಿಯನ್ನು ಬಹಳ ವರ್ಷ ಮುಟ್ಟಲೇ ಇಲ್ಲ. ಮುಂದಕ್ಕೆ ಓಡಿಸುವ ಗುಂಡಿಯನ್ನು ಮಾತ್ರ ತಿಕ್ಕಿ ತಿಕ್ಕಿ ಅದರ ಮೇಲಿದ್ದ ಬಾಣದ ಗುರುತನ್ನೇ ಅಳಿಸಿಬಿಟ್ಟರು.

ಪುಣೆಯ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವರು ಕುಮುದಿನಿ ಕಾಖಂಡಕಿ. ಅಲ್ಲಿಯೇ ಜಪಾನಿ ಭಾಷೆ ಕಲಿತು, ಅಲ್ಲಿಯೇ ನೌಕರಿ ಮಾಡಬಹುದಾಗಿದ್ದ ಹೆಣ್ಣುಮಗಳು ತಮ್ಮನ ಮನೆಯಿದ್ದ ಬ್ಯಾಡಗಿಗೆ ಬಂದರು. ಊರಿನ ಕಾಲೇಜಿನಲ್ಲಿ ಜಪಾನಿ ಕ್ಲಾಸು ತೆರೆದರು. ಮೆಣಸಿನಕಾಯಿ ಸಂತೆಯ ಊರಿನಲ್ಲಿ ಜಪಾನಿ! ಕ್ಲಾಸಿನ ಕಿಟಕಿ ತೆರೆದರೆ ಘಾಟು ಒಳಗೆ ಬಂದು ಹುಡುಗರು ಒಂದು ವಾಕ್ಯಕ್ಕೆ ಎರಡು ಸಲ ಸೀನುತ್ತಿದ್ದರು. ಆದರೂ ಟೀಚರ್ ಬಿಡಲಿಲ್ಲ. ಸೆರಗಿನ ತುದಿಯಿಂದ ನನ್ನ ಧೂಳು ಒರೆಸುತ್ತ ಪಾಠ ನಡೆಸಿದರು.

ಭಾಷೆಯ ಪಾಠದ ಕ್ಯಾಸೆಟ್ಟು ಕೇಳಿದವರಿಗೆ ಗೊತ್ತಿರುತ್ತದೆ. ಒಂದು ವಾಕ್ಯ ಬರುತ್ತದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಸುರ್ರೆನ್ನುವ ಸದ್ದು ಮಾತ್ರ. ಕೇಳಿದ್ದನ್ನು ಮನಸ್ಸಿಗೆ ಇಳಿಸಿಕೊಂಡು ತಿರುಗಿ ಹೇಳಲಿ ಎಂದು ಬಿಟ್ಟ ಜಾಗ ಅದು. ನನ್ನ ಪಾಠದಲ್ಲಿ ನನಗೆ ಇಷ್ಟವಾದ ಜಾಗವೂ ಅದೇ. ಆದರೆ ಈ ಊರಿನ ಹುಡುಗರೋ, ವಾಕ್ಯ ಮುಗಿಯುವುದೇ ತಡ, ಟಕ್ಕೆಂದು ಗುಂಡಿ ಒತ್ತಿ ಮುಂದಕ್ಕೆ ಓಡಿಸುವರು. ಅವರ ಅವಸರದಲ್ಲಿ ನನ್ನ ಹಲ್ಲಿನ ಚಕ್ರ ಸವೆಯಿತು. ಯಾರಿಗೆ ಹೇಳಲಿ ಈ ಸಂಕಟ?

ಹುಡುಗರು ಹೋಗಲಿ ಎನ್ನಿ, ಎಳಸು. ಪಂಪಣ್ಣ ಹಾದಿಮನಿಯವರಿಗೆ ಏನು ಹೇಳೋಣ? ಮೆಣಸಿನಕಾಯಿಯ ದೊಡ್ಡ ವ್ಯಾಪಾರಿ, ಕಾಲೇಜು ನಡೆಸುವ ಸಂಸ್ಥೆಯ ಅಧ್ಯಕ್ಷರು ಬೇರೆ. ಒಳ್ಳೆಯ ಮನುಷ್ಯ, ಉಣಿಸುವ ಕೈ. ಆದರೆ ಆ ಬಾಯಿ! ಕಾಲೇಜಿನ ಗ್ಯಾದರಿಂಗಿನಲ್ಲಿ 'ಮಾತು ಬೆಳ್ಳಿ, ಮೌನ ಬಂಗಾರ' ಎಂಬ ಗಾದೆಯ ಮೇಲೆ ಊಟದ ಹೊತ್ತು ಮೀರುವವರೆಗೆ ಭಾಷಣ ಮಾಡಿದ ಪುಣ್ಯಾತ್ಮ. ಅವರು ಒಂದು ದಿನ ಕ್ಲಾಸಿಗೆ ಬಂದು ಬಾಗಿಲಲ್ಲೇ ನಿಂತು ಹೇಳಿದರು:

"ಟೀಚರ, ಈ ಕ್ಲಾಸಿನಿಂದ ಊರಿಗೆ ಏನ್ ಉಪಯೋಗ ಅಂತ ಕಮಿಟಿಯವರು ಕೇಳಾಕತ್ತಾರ್ರಿ. ಮುಂದಿನ ತಿಂಗಳ ಜಪಾನಿನ ಮಸಾಲಿ ಕಂಪನಿಯವರು ನಮ್ಮ ಮಾಲು ನೋಡಾಕ ಬರಾಕತ್ತಾರ. ಮುಂಬೈ ದಲಾಲರ ಕೈ ಇಲ್ದ ನೇರ ವ್ಯವಹಾರ. ನನಗ ನಾಕ್ ಮಾತು ಕಲಸ್ರಿ. ಅದು ಕುದುರಿದ್ರ ನಿಮ್ಮ ಕ್ಲಾಸು ಉಳೀತು. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ, ನೋಡ್ರಿ."

ಟೀಚರ ಮುಖ ಸಣ್ಣದಾಯಿತು. ಮದುವೆ ಬೇಡವೆಂದು, ಪುಣೆ ಬೇಡವೆಂದು ಕಟ್ಟಿಕೊಂಡಿದ್ದು ಇದೊಂದೇ ಕ್ಲಾಸು. ಅದು ಈಗ ಈ ಮನುಷ್ಯನ ನಾಲಿಗೆಯ ಮೇಲೆ ಬಂದು ಕೂತಿತ್ತು.

ಪಾಠ ಶುರುವಾಯಿತು. ಅಂಗಡಿಯ ಪಾಠ. ಅಂಗಡಿಯವನು 'ಇಕಾಗಾ ದೆಸ್ ಕಾ' ಎಂದು ಕೇಳುತ್ತಾನೆ, ಹೇಗಿದೆ ನೋಡಿ ಎಂದು ಅರ್ಥ. ಆಮೇಲೆ ಕ್ಯಾಸೆಟ್ಟಿನಲ್ಲೇ ಎಲ್ಲಕ್ಕಿಂತ ದೊಡ್ಡ ಖಾಲಿ ಜಾಗ. ಅದು ಮುಗಿದ ಮೇಲೆ ಗಿರಾಕಿ ಹೇಳುತ್ತಾನೆ: 'ಕೊರೆ ನಿ ಶಿಮಸ್', ಇದನ್ನೇ ತಗೊಳ್ಳುತ್ತೇನೆ. ಪಂಪಣ್ಣ ಮೊದಲ ವಾಕ್ಯವನ್ನು ಅಚ್ಚುಕಟ್ಟಾಗಿ ಕಲಿತರು, ಬುದ್ಧಿವಂತರೇ. ಖಾಲಿ ಜಾಗ ಬಂದ ಕೂಡಲೆ ಅವರ ದಪ್ಪ ಬೆರಳು ನನ್ನ ಮೇಲೆ ಬಿತ್ತು.

"ಇಲ್ಲೇನೂ ಇಲ್ಲಲ್ರೀ ಟೀಚರ! ಖಾಲಿ ಟೇಪ್ ಯಾಕ್ರೀ ಕೇಳೂದು?"

"ಅದು ಖಾಲಿ ಅಲ್ರಿ ಅಧ್ಯಕ್ಷರ. ಅದು ಎದುರಿನ ಮನಷ್ಯಾನ ಪಾಳಿ. ಅವ ವಿಚಾರ ಮಾಡ್ಲಿಕ್ಕೆ ಬಿಡ್ರಿ. ಖಾಲಿ ಜಾಗ ಓಡಿಸಬ್ಯಾಡ್ರಿ."

"ಅವ ವಿಚಾರ ಮಾಡೂತನಕ ನಾನು ಬಾಯಿ ಮುಚ್ಚಿ ಕುಂಡ್ರೂದೇನ್ರಿ? ಮನೀಗೆ ಬಂದ ಮಂದಿ ಸುಮ್ಮನ ಕುಂತ್ರಂದ್ರ ಏನೋ ಕಡಿಮಿ ಆಗೇತಿ ಅಂತರ್ಥ. ಸಂತ್ಯಾಗೂ ಹಂಗ, ರಾಶಿ ಮುಂದ ಗಿರಾಕಿ ಸುಮ್ಮನ ನಿಂತಾ ಅಂದ್ರ ಮುಂದಿನ ರಾಶಿಗೆ ಹೊಂಟಾ ಅಂತ ತಿಳೀರಿ!"

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಟೀಚರ್ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡರು. ಕೊನೆಯವರೆಗೂ ಆ ಮನುಷ್ಯ ಆ ಜಾಗವನ್ನು ಒಂದು ಸಲವೂ ಪೂರ್ತಿ ಕೇಳಲಿಲ್ಲ.

ಅತಿಥಿಗಳು ಬಂದರು. ಹಿರಿಯರು ಇಶಿಮೋರಿ, ತಲೆ ನರೆತವರು, ಮೆಲುಮಾತಿನವರು. ಜೊತೆಗೆ ಕುರೋದಾ ಎಂಬ ತರುಣ, ಇವನು ವಟವಟ ಮಾತಾಡುವವನೇ. ಜಪಾನಿನವರೆಲ್ಲ ಮೌನಿಗಳು ಎಂದು ನಾನು ಹೇಳುತ್ತಿಲ್ಲ, ಮಾರಾಯರೇ. ಆದರೆ ಮಾಲು ಆರಿಸುವವರು ಹಿರಿಯರು, ಅವರು ಮೌನಿ. ಬೆಳಗಿನ ಕೊನೆಯ ಪಾಠಕ್ಕೆಂದು ಪಂಪಣ್ಣನವರ ಅಂಗಡಿಗೆ ತಂದಿದ್ದ ನನ್ನನ್ನು ಟೀಚರ್ ಮೇಜಿನ ಮೇಲೆಯೇ ಇಟ್ಟಿದ್ದರಿಂದ ಎಲ್ಲವೂ ನನ್ನ ಕಣ್ಣೆದುರೇ ನಡೆಯಿತು.

ಪಂಪಣ್ಣ ತಮ್ಮ ಅತ್ಯುತ್ತಮ ಡಬ್ಬಿ ತಳಿಯ ಮೆಣಸಿನಕಾಯಿ ಮೊರದಲ್ಲಿ ತರಿಸಿದರು. ಗುಂಡಗಿನ, ಸುಕ್ಕು ಸುಕ್ಕಿನ, ಕಡುಗೆಂಪು ಬಣ್ಣದ್ದು. "ಇಕಾಗಾ ದೆಸ್ ಕಾ?" ಎಂದರು. ಉಚ್ಚಾರ ಎಷ್ಟು ಚಂದ ಬಂತೆಂದರೆ ಕುರೋದಾ ಚಪ್ಪಾಳೆ ತಟ್ಟಿದ. ಇಶಿಮೋರಿ ಒಂದು ಕಾಯಿ ಮುರಿದರು. ಮೂಸಿದರು. ಕಣ್ಣು ಮುಚ್ಚಿದರು. ಸುಮ್ಮನಾದರು.

ಇಲ್ಲಿಯೇ ಇತ್ತು ನನ್ನ ಖಾಲಿ ಜಾಗ. ನನ್ನೊಳಗೆ ಕ್ಯಾಸೆಟ್ಟು ಇಲ್ಲದಿದ್ದರೂ ಆ ಸುರ್ರೆನ್ನುವ ಸದ್ದು ನನಗೆ ಕೇಳಿಸಿತು. ತಡೀರಿ ಸಾವಕಾರ್ರ, ತಡೀರಿ!

ಎಲ್ಲಿಯ ತಡೆಯುವುದು? ಪಂಪಣ್ಣನವರ ಕಾಲು ಮೇಜಿನ ಕೆಳಗೆ ಕುಣಿಯತೊಡಗಿತು. "ಚಾ ತರಸ್ಲೇನ್ರಿ?" ಎಂದರು. ಉತ್ತರವಿಲ್ಲ. "ಟೀಚರ, ಸೇರಿಲ್ಲ ಅಂತ ಕಾಣ್ತೈತಿ. ಏ, ಆ ಡಬ್ಬಿ ತಗೀರಿ, ಕಡ್ಡಿಕಾಯಿ ತರ್ರಿ!" ಅತಿಥಿಯ ಮುಂದಿದ್ದ ಮೊರವನ್ನು ಎತ್ತಿಸಿಯೇಬಿಟ್ಟರು. ಸಣ್ಣನೆಯ ಉದ್ದ ಕಡ್ಡಿಕಾಯಿ ಬಂತು. ಇಶಿಮೋರಿ ಕಣ್ಣು ತೆರೆದು ಖಾಲಿಯಾದ ಜಾಗವನ್ನು ನೋಡಿದರು, ಮತ್ತೂ ಸುಮ್ಮನಾದರು. "ಇದೂ ಬ್ಯಾಡೇನು? ಗುಂಟೂರಿಂದೂ ಐತ್ರಿ! ಹೇಳ್ರಿ ಟೀಚರ, ಬೇಕಂದ್ರ ಇನ್ನೊಮ್ಮಿ ಒಣಗಿಸಿ ಕೊಡ್ತೇವಿ ಅಂತ!" ಟೀಚರ್ ಅಳುವುದೊಂದು ಬಾಕಿ ಇಟ್ಟು ಎಲ್ಲವನ್ನೂ ಜಪಾನಿಗೆ ತಿರುಗಿಸಿದರು. ಅದು ಅವರ ಕೆಲಸ, ಏನು ಮಾಡಿಯಾರು?

ಇಶಿಮೋರಿ ಎದ್ದು ಬಾಗಿ ನಮಸ್ಕರಿಸಿದರು. ಹೊರಟರು. ಕಾರು ಹತ್ತುವ ಮೊದಲು ಕುರೋದಾ ಹೇಳಿದ್ದನ್ನು ಟೀಚರ್ ತಿರುಗಿ ಬಂದು, ಜೀವಮಾನದಲ್ಲಿ ಮೊದಲ ಸಲ ಅಧ್ಯಕ್ಷರ ಮೇಲೆ ದನಿ ಎತ್ತರಿಸಿ ಹೇಳಿದರು:

"ಮೊದಲನೇ ಮಾಲೇ ಅವರಿಗೆ ಸೇರಿತ್ತರೀ! ಅದನ್ನ ಹ್ಯಾಂಗ ಇಡಬೇಕು, ಯಾವುದಕ್ಕ ಬಳಸಬೇಕು ಅಂತ ವಿಚಾರ ಮಾಡ್ಲಿಕ್ಕೆ ಹತ್ತಿದ್ರು. ನೀವು ಮುಂದಿಂದ ಎತ್ತಿಸಿಬಿಟ್ರಿ. ತನ್ನ ಮಾಲಿನ ಮ್ಯಾಲೆ ತನಗ ನಂಬಿಗಿ ಇಲ್ಲದವನ ಕಡೆ ಹ್ಯಾಂಗ ಕೊಳ್ಳೋದು ಅಂದ್ರಂತ. ಒಂದ ಒಂದು ಖಾಲಿ ಜಾಗ, ಅಧ್ಯಕ್ಷರ! ಅಷ್ಟು ಸುಮ್ಮನ ಕೂಡ್ಲಿಕ್ಕೆ ಆಗ್ಲಿಲ್ಲ ನಿಮಗ? ನನ್ನ ಕ್ಲಾಸು ಹೋತಲ್ರೀ!"

ಪಂಪಣ್ಣ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ, "ಕಾಯಿ ಸೇರೇತಲ್ಲ, ಬರೂ ವರ್ಷ ಹಂಗಾಮಿಗೆ ಮತ್ತ ಬರ್ತಾರ್ರಿ ಅವರು. ಅಲ್ಲೀತನಕ ಕ್ಲಾಸ್ ಇರತೈತಿ, ಕಮಿಟಿಗೆ ನಾ ಹೇಳ್ತೀನಿ. ಈ ಡಬ್ಬಾ ನನ್ನ ಕಡೆ ಇರ್ಲಿ," ಎಂದು ಹಿಡಿಕೆ ಹಿಡಿದು ನನ್ನನ್ನು ಮನೆಗೆ ಒಯ್ದರು. ಡಬ್ಬಾ ಅಂತೆ! ಆದರೂ ಕ್ಲಾಸು ಉಳಿಯಿತಲ್ಲ ಎಂದು ನುಂಗಿಕೊಂಡೆ.

ಅವರ ಮನೆಯ ಪಡಸಾಲೆಯ ತೂಗುಮಣೆಯ ಮೇಲೆ ನನ್ನ ಒಂದು ವರ್ಷ ಕಳೆಯಿತು. ದಿನಾ ಬೆಳಿಗ್ಗೆ ಅದೇ ಪಾಠ. 'ಇಕಾಗಾ ದೆಸ್ ಕಾ' ಬರುವುದು, ಖಾಲಿ ಜಾಗ ಬರುವುದು, ಪಂಪಣ್ಣನವರ ಬೆರಳು ಗುಂಡಿಯ ಕಡೆ ಹೊರಡುವುದು. ಮೊದಮೊದಲು ಒತ್ತಿಯೇ ಬಿಡುತ್ತಿದ್ದರು. "ಥೂ!" ಎಂದು ತಮ್ಮನ್ನೇ ಬೈದುಕೊಂಡು ಹಿಂದಕ್ಕೆ ತಿರುಗಿಸುವರು. ಆಮೇಲೆ ಎರಡೂ ಕೈ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂಡಲು ಕಲಿತರು. ಅವರ ಹೆಂಡತಿ ರಾಚವ್ವ ಒಂದು ದಿನ ಅಡುಗೆಮನೆಯಿಂದ ಇಣುಕಿ, "ಏನ್ರೀ, ಮಿಷನ್ ಕೆಟ್ಟೈತೋ, ನೀವು ಕೆಟ್ಟೀರೋ?" ಎಂದು ಕೇಳಿದರು. ಪಂಪಣ್ಣ ಉತ್ತರಿಸಲಿಲ್ಲ. ಆ ಮನೆಯಲ್ಲಿ ಅದೇ ಒಂದು ಸುದ್ದಿಯಾಯಿತು.

ಹಂಗಾಮು ಬಂತು. ಇಶಿಮೋರಿಯವರೂ ಬಂದರು. ಅದೇ ಮೇಜು, ಅದೇ ಡಬ್ಬಿಕಾಯಿ, ಪಕ್ಕದಲ್ಲಿ ನಾನು, ಆಚೆ ಉಸಿರು ಬಿಗಿಹಿಡಿದ ಟೀಚರ್. ಹಿರಿಯರು ಕಾಯಿ ಮುರಿದು ಮೂಸಿ ಕಣ್ಣು ಮುಚ್ಚಿದರು. ಪಂಪಣ್ಣನವರ ಹಣೆಯ ಮೇಲೆ ಬೆವರು ಮೂಡಿತು. ತುಟಿ ಅಲುಗಿತು. ಕೈ ತಡವರಿಸುತ್ತ ನನ್ನ ಕಡೆ ಬಂದು, ಇಷ್ಟು ವರ್ಷ ಯಾರೂ ಮುಟ್ಟದ ನನ್ನ ನಿಲ್ಲಿಸುವ ಗುಂಡಿಯನ್ನು ಗಟ್ಟಿಯಾಗಿ ಒತ್ತಿಹಿಡಿಯಿತು. ನೋವಾಯಿತು, ನಿಜ. ಒತ್ತಪ್ಪಾ, ಇನ್ನೂ ಒತ್ತು ಎಂದೆ.

ಹೊರಗೆ ಎತ್ತಿನ ಗಾಡಿಯೊಂದು ಹಾದು ಹೋಯಿತು. ಯಾರೋ ಸೀನಿದರು. ಇಶಿಮೋರಿ ಕಣ್ಣು ತೆರೆದರು.

"ಕೊರೆ ನಿ ಶಿಮಸ್."

ಟೀಚರ್ ಅರ್ಥ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪಂಪಣ್ಣ ದೊಡ್ಡ ನಗೆ ನಕ್ಕು, "ಬ್ಯಾಡ್ರಿ ಟೀಚರ, ತಿಳೀತು!" ಎಂದರು. ಅಂದು ಅವರು ಕುಡಿಸಿದ ಚಹಾ, ಉಣಿಸಿದ ಹೋಳಿಗೆ, ಆಡಿದ ಮಾತು ಕೇಳಬೇಡಿ. ಕೂಡಿಟ್ಟ ಮಾತೆಲ್ಲ ಒಮ್ಮೆಲೇ ಹೊರಬಿತ್ತು. ಇಶಿಮೋರಿಯವರು ಮಾತ್ರ ಮೂರನೆಯ ಹೋಳಿಗೆ ಒಲ್ಲೆ ಎನ್ನುವುದು ಹೇಗೆಂದು ತಿಳಿಯದೆ ಒದ್ದಾಡಿದರು. ಅದು ಅವರ ಕ್ಯಾಸೆಟ್ಟಿನಲ್ಲಿ ಇರಲಿಲ್ಲ!

ಕ್ಲಾಸು ಉಳಿಯಿತು, ನಾನೂ ಅಲ್ಲಿಗೆ ಮರಳಿದೆ. ಟೀಚರ್ ನಿವೃತ್ತರಾಗುವವರೆಗೂ ನಡೆಯಿತು. ಅಷ್ಟರಲ್ಲಿ ಕಂಪ್ಯೂಟರ್ ಬಂದು ನಾನು ಗುಜರಿಗೆ ಹೊರಟಿದ್ದೆ. ಟೀಚರ್ ಸೆರಗಿನಿಂದ ಒರೆಸಿ ತಮ್ಮ ಕೋಣೆಗೆ ತಂದು ಕಪಾಟಿನ ಮೇಲಿಟ್ಟರು. ಈಗಿನವರು ಮೊಬೈಲಿನಲ್ಲಿ ಪಾಠವನ್ನು ಎರಡು ಪಟ್ಟು ವೇಗದಲ್ಲಿ ಕೇಳುತ್ತಾರಂತೆ. ಅದನ್ನು ಕೇಳಿಯೇ ನನ್ನ ಸತ್ತ ಮೋಟಾರು ಬಿಸಿಯಾಯಿತು.

ಕಳೆದ ವರ್ಷ ಟೀಚರಿಗೆ ಪಾರ್ಶ್ವವಾಯು ಹೊಡೆಯಿತು. ಪ್ರಜ್ಞೆಯೆಲ್ಲ ಸರಿಯಾಗಿದೆ, ಮಾತು ಮಾತ್ರ ಬರುವುದಿಲ್ಲ. ಬರುವುದಿಲ್ಲ ಎಂದೇನಿಲ್ಲ, ತಡವಾಗಿ ಬರುತ್ತದೆ. ಆದರೆ ಅದನ್ನು ಬರಲು ಬಿಡುವವರು ಯಾರು? ನೋಡಲು ಬಂದವರೆಲ್ಲ ಅವರ ಬಾಯಿ ಅಲುಗುವುದೇ ತಡ, ತಾವೇ ಮಾತು ಮುಗಿಸಿ, ತಾವೇ ಉತ್ತರ ಕೊಟ್ಟುಕೊಂಡು ಹೋಗುತ್ತಾರೆ. ಎರಡು ಭಾಷೆಯಲ್ಲಿ ಪಾಠ ಹೇಳಿದ ಹೆಣ್ಣುಮಗಳು ಗೋಡೆ ಕಡೆ ಮುಖ ತಿರುಗಿಸಿ ಮಲಗತೊಡಗಿದರು. ಪ್ರೀತಿಯವರೇ ಎಲ್ಲರೂ, ಅದೇ ಸಿಟ್ಟು ನನಗೆ.

ಮೊನ್ನೆ ಮಧ್ಯಾಹ್ನ ಪಂಪಣ್ಣ ಬಂದರು. ಕೋಲೂರಿಕೊಂಡು ಬಂದು ಮಂಚದ ಹತ್ತಿರ ಕುರ್ಚಿ ಎಳೆದುಕೊಂಡರು. "ಹ್ಯಾಂಗದೀರಿ ಟೀಚರ?" ಎಂದು ಒಂದೇ ಮಾತು. ಟೀಚರ ತುಟಿ ಅಲುಗಿತು.

"ಚ..."

"ಚಾದರ ಬೇಕೇನ್ರಿ ಅಕ್ಕಾ? ಚಷ್ಮಾ ಕೊಡ್ಲ್ಯಾ?" ಎಂದು ಟೀಚರ ತಮ್ಮನ ಹೆಂಡತಿ ಶ್ಯಾಮಲಾ ಓಡಿ ಬಂದರು.

ಪಂಪಣ್ಣ ಕೈ ಎತ್ತಿದರು. "ತಡೀರಿ ಬಾಯಾರ. ಅವರ ಪಾಳಿ ಐತಿ."

ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಶ್ಯಾಮಲಾ ಚಡಪಡಿಸಿದರು, ಕೊನೆಗೆ ಅವರೂ ಕೂತರು. ಎಷ್ಟು ಹೊತ್ತಾಯಿತೋ, ನನ್ನ ಕ್ಯಾಸೆಟ್ಟಿನಲ್ಲಿ ಅಷ್ಟು ದೊಡ್ಡ ಖಾಲಿ ಜಾಗ ಇರಲಿಲ್ಲ. ಟೀಚರ್ ಮುಖವನ್ನು ಗೋಡೆಯಿಂದ ಈಚೆಗೆ ತಿರುಗಿಸಿದರು.

"ಚಹಾ... ಕುಡ್ದ... ಹೋಗ್ರಿ."

ಶ್ಯಾಮಲಾ ಕಣ್ಣೊರೆಸಿಕೊಂಡು ಒಳಗೆ ಹೋಗಿ ಹಾಲು ಒಲೆಗಿಟ್ಟರು. ಪಂಪಣ್ಣ ಕಪ್ಪಿನಿಂದ ಬಸಿ ತುಂಬ ಸುರಿದುಕೊಂಡು ನಿಧಾನವಾಗಿ ಚಹಾ ಕುಡಿದರು. ಕುಡಿದಾದ ಮೇಲೂ ಏಳಲಿಲ್ಲ. ಟೀಚರಿಗೆ ಇನ್ನೂ ಏನೋ ಹೇಳುವುದಿತ್ತು, ಅದಕ್ಕೆ ಪಂಪಣ್ಣ ಕಾಯುತ್ತಿದ್ದರು. ನನ್ನ ಮುಂದೆ, ಕೊನೆಗೂ, ಯಾರೂ ಏನನ್ನೂ ಓಡಿಸಲಿಲ್ಲ.